ವಾಪಸಾತಿ ಇಲ್ಲದ ಉಂಗುರ

ಮಾಸ್ಟರ ಹೆಂಡತಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದನ್ನು ಕೇಳಿದವರಿಗೆ ಹಾಗನ್ನಿಸುವ ಸಂಭವವಿದೆ (ಖುದ್ದು ಮಾಸ್ಟರಿಗೇ ಆಗಾಗ ಅನ್ನಿಸಿದ್ದುಂಟು, ಆದರೆ ಅವರು ಅದನ್ನು ಬಾಯಿಬಿಟ್ಟು ಹೇಳಿದವರಲ್ಲ). ಆಕೆಗಿದ್ದದ್ದು ಒಂದೇ ಒಂದು ಚಟ. ಗಂಡ ತಂದುಕೊಟ್ಟ ವಸ್ತುವನ್ನು ಆಕೆ ಅಂಗಡಿಗೆ ವಾಪಸ್ ಒಯ್ದು ಬದಲಾಯಿಸಿಕೊಂಡು ಬರುತ್ತಿದ್ದಳು. ಯಾವುದೋ ಒಂದನ್ನಲ್ಲ, ಎಲ್ಲವನ್ನೂ. ಮಾಸ್ಟರು ತಂದ ಶಾಲು ಮರುದಿನ ಛತ್ರಿಯಾಗಿರುತ್ತಿತ್ತು. ಪ್ರೀತಿಯಿಂದ ತಂದ ಕೈಚೀಲ ಎರಡು ದಿಂಬುಗಳಾಗಿ ಮಂಚದ ಮೇಲೆ ಬಿದ್ದಿರುತ್ತಿತ್ತು. ಒಮ್ಮೆ ಧೈರ್ಯಮಾಡಿ, ಎಲ್ಲ ಸಿಗುವ ಒಂದು ದೊಡ್ಡ ಅಂಗಡಿಯಿಂದ ಕೈಗಡಿಯಾರ ತಂದರು. ಅದು ಕುಕ್ಕರಾಗಿ ಒಲೆಯ ಮೇಲೆ ಕೂತು, ಅವರು ಅಡುಗೆಮನೆಗೆ ಕಾಲಿಟ್ಟಾಗಲೆಲ್ಲ ಸಿಳ್ಳೆ ಹೊಡೆಯುತ್ತಿತ್ತು.

ಇದಕ್ಕೊಂದು ಕ್ರಮವಿತ್ತು. ಆಕೆ ವಸ್ತುವನ್ನು ಕೈಗೆ ತೆಗೆದುಕೊಳ್ಳುವಳು, ಬೆಳಕಿಗೆ ಹಿಡಿಯುವಳು, ಹಿಂದೆ ಮುಂದೆ ತಿರುಗಿಸುವಳು. "ಚೆನ್ನಾಗಿದೆ" ಎನ್ನುವಳು. ಆ ಮಾತನ್ನು ಆಕೆ ಎಷ್ಟು ಉದ್ದ ಎಳೆಯುತ್ತಿದ್ದಳೆಂದರೆ, ಅದು ಮುಗಿಯುವ ಹೊತ್ತಿಗೆ ಮಾಸ್ಟರ ಮುಖ ಬಾಡಿರುತ್ತಿತ್ತು. ಆಮೇಲೆ ಬಹಳ ಮೃದುವಾಗಿ ಕೇಳುವಳು, "ಬಿಲ್ ಇದೆ ತಾನೇ?"

ಮಾಸ್ಟರು ಎಂದರೆ ಶಾಲೆಯ ಮಾಸ್ಟರಲ್ಲ, ಟೈಲರ್ ಮಾಸ್ಟರು. ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿಯ ಪಕ್ಕ ಅವರ ಅಂಗಡಿ. ಗಂಡಸರ ಕೋಟು, ಪ್ಯಾಂಟು, ಷರಟು. ಮಾಸ್ಟರು ಅಳತೆ ತೆಗೆದು ಕತ್ತರಿಸಿ ಹೊಲಿಯುವರು, ಹೆಂಡತಿ ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತು ಕಾಜಾ ಗುಂಡಿಯ ಕೆಲಸ ಮಾಡುವಳು. ಊರಿನ ಅರ್ಧ ಗಂಡಸರು ಮಾಸ್ಟರು ಆರಿಸಿದ ಬಟ್ಟೆಯನ್ನು, ಮಾಸ್ಟರು ಆರಿಸಿದ ಗುಂಡಿಯನ್ನು ಹಾಕಿಕೊಂಡು ಓಡಾಡುತ್ತಿದ್ದರು. "ನೀವು ಹೇಳಿದ ಮೇಲೆ ಮುಗೀತು ಮಾಸ್ಟರೇ" ಎನ್ನುತ್ತಿದ್ದರು. ಅಂಥ ಮನುಷ್ಯ ಆರಿಸಿ ತಂದ ಒಂದೇ ಒಂದು ವಸ್ತು ಸ್ವಂತ ಹೆಂಡತಿಯ ಮೈಮೇಲೆ ಒಂದು ವಾರ ನಿಂತಿರಲಿಲ್ಲ. ಇದು ಅವರಿಗೆ ನೋವಾಗಿತ್ತು. ತಮಾಷೆಯ ನೋವಲ್ಲ, ನಿಜವಾದ ನೋವು. ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ತಾವು ಕೊಟ್ಟದ್ದನ್ನು ಆಕೆ ಇಟ್ಟುಕೊಳ್ಳಬೇಕು ಎಂಬ ಆಸೆ ಅವರಲ್ಲಿ ಹಟವಾಗಿ ಬೆಳೆದಿತ್ತು.

ಮದುವೆಯಾದ ದಿನ ಮತ್ತೆ ಹತ್ತಿರ ಬಂತು. ಕನ್ನಡಕದ ಅಂಗಡಿಯವರು ತಮ್ಮ ಕನ್ನಡಕವನ್ನು ಹಣೆಗೇರಿಸಿ ಸಲಹೆ ಕೊಟ್ಟರು. "ಒಡವೆ ಕೊಡ್ರೀ ಮಾಸ್ಟರೇ. ಒಡವೆ ಬೇಡ ಅನ್ನೋ ಹೆಂಗಸು ಇನ್ನೂ ಹುಟ್ಟಿಲ್ಲ."

"ಇವಳು ಬೇಡ ಅನ್ನಲ್ಲ. ಬದಲಾಯಿಸ್ತಾಳೆ."

"ಹಾಗಾದ್ರೆ ಈ ಊರಲ್ಲಿ ತಗೋಬೇಡಿ. ಫೋನಲ್ಲಿ ತರಿಸಿ. ಅಂಗಡಿನೇ ಇಲ್ಲ ಅಂದ್ಮೇಲೆ ಎಲ್ಲಿಗೆ ಹೋಗಿ ಬದಲಾಯಿಸ್ತಾರೆ?"

ಮಾಸ್ಟರಿಗೆ ಜ್ಞಾನೋದಯವಾಯಿತು. ಅವತ್ತಿನಿಂದ ಅವರು ಇಸ್ತ್ರಿ ಮೇಜಿನ ಹಿಂದೆ ನಿಂತು, ಫೋನನ್ನು ಬಟ್ಟೆಯ ಮಡಿಕೆಯೊಳಗಿಟ್ಟುಕೊಂಡು ಉಂಗುರ ನೋಡತೊಡಗಿದರು. ಗುಣಮಟ್ಟದ ವಿಷಯದಲ್ಲಿ ಅವರು ಯಾರಿಗೂ ಬಗ್ಗುವವರಲ್ಲ. ಬಟ್ಟೆಯಾದರೆ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರೆ ಸಾಕು, ಅದರ ಜಾತಕ ಹೇಳಬಲ್ಲರು. ಫೋನಿನ ಮೇಲೆಯೂ ಅಭ್ಯಾಸಬಲದಿಂದ ಉಜ್ಜಿ ನೋಡಿದರು. ಉಜ್ಜಿದೊಡನೆ ಉಂಗುರ ಹೋಗಿ ನೀರಿನ ಟ್ಯಾಂಕಿನ ಜಾಹೀರಾತು ಬಂತು. ಆಮೇಲೆ ನಿಧಾನ ಕಲಿತರು. ಚಿನ್ನದ ಶುದ್ಧತೆ ಎಷ್ಟು, ಮುದ್ರೆ ಎಲ್ಲಿದೆ, ಪ್ರಮಾಣಪತ್ರ ಯಾರು ಕೊಟ್ಟದ್ದು, ಒಳಗೆ ಟೊಳ್ಳೋ ಗಟ್ಟಿಯೋ ಎಲ್ಲವನ್ನೂ ಓದಿದರು. ಕೊಂಡವರು ಬರೆದ ಅಭಿಪ್ರಾಯಗಳನ್ನೂ ಬಿಡಲಿಲ್ಲ. ಒಬ್ಬ ಮಹಾನುಭಾವ ಬರೆದಿದ್ದ: "ಉಂಗುರ ಬಹಳ ಚೆನ್ನಾಗಿದೆ. ಹುಡುಗಿ ಒಪ್ಪಲಿಲ್ಲ. ಆದರೂ ಐದು ನಕ್ಷತ್ರ."

ಕೊನೆಗೆ ಒಂದು ಉಂಗುರ ಕಣ್ಣಿಗೆ ಬಿತ್ತು. ಬೆಲೆಯ ಕೆಳಗೆ ಸಣ್ಣಕ್ಷರದಲ್ಲಿ ಏನೋ ಬರೆದಿತ್ತು. ಓದಿದರೆ, ಅಲ್ಲಿಯೂ ವಾಪಸಾತಿಯ ಸೌಲಭ್ಯವಿದೆಯಂತೆ. ಕೂಡಲೇ ಕಂಪನಿಗೆ ಫೋನು ಮಾಡಿದರು. ಆ ಕಡೆಯಿಂದ ಬಹಳ ಸಿಹಿಯಾದ ಹೆಣ್ಣು ದನಿ.

"ಹೌದು ಸರ್, ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ ಮಾಡಬಹುದು. ನಮ್ಮವರೇ ಮನೆಗೆ ಬಂದು ತಗೊಂಡು ಹೋಗ್ತಾರೆ."

"ಮನೆಗೇ ಬರ್ತಾರಾ?" ಎಂದರು ಮಾಸ್ಟರು.

"ಬರ್ತಾರೆ ಸರ್. ಒಂದು ಪ್ರಶ್ನೆನೂ ಕೇಳಲ್ಲ."

"ಕೇಳಬೇಕಮ್ಮ. ನಾಲ್ಕು ಪ್ರಶ್ನೆ ಕೇಳಿ, ಆಗಲ್ಲ ಅಂತ ಕಳಿಸಬೇಕು. ವಾಪಸ್ ತಗೊಳ್ಳದೇ ಇರೋ ಒಡವೆ ಯಾವುದೂ ಇಲ್ವಾ ನಿಮ್ಮಲ್ಲಿ?"

"ಸರ್, ಹೀಗೆ ಯಾರೂ ಕೇಳಿಲ್ಲ ಇಲ್ಲಿವರೆಗೆ. ಲೈನಲ್ಲೇ ಇರಿ, ವಿಚಾರಿಸ್ತೀನಿ." ಮಾಸ್ಟರು ಸಂಗೀತ ಕೇಳುತ್ತ ಕಾದರು. ದನಿ ಮರಳಿ ಬಂತು. "ಸರ್, ಹೆಸರು ಕೆತ್ತಿಸಿದ್ರೆ ವಾಪಸ್ ತಗೊಳ್ಳಲ್ಲ. ಯಾವ ಕಾರಣಕ್ಕೂ ತಗೊಳ್ಳಲ್ಲ. ಆದ್ರೆ ಯೋಚನೆ ಮಾಡಿ ಸರ್."

"ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ" ಎಂದರು ಮಾಸ್ಟರು.

ಕೆತ್ತಿಸುವುದೆಂದರೆ ಅರೆಮನಸ್ಸಿನಿಂದ ಕೆತ್ತಿಸಬಾರದು. ಹೆಂಡತಿಯನ್ನು ಮನೆಯಲ್ಲಿ ಕರೆಯುವ ಮೊಟಕು ಹೆಸರನ್ನು ಹಾಕಿಸಿದರೆ, ಆ ಹೆಸರಿನ ಇನ್ನೊಬ್ಬಳನ್ನು ಹುಡುಕಿ ದಾಟಿಸಿಬಿಟ್ಟಾಳು ಎಂಬ ಭಯ. ಆದ್ದರಿಂದ ಆಕೆಯ ಶಾಲೆಯ ದಾಖಲೆಯಲ್ಲಿದ್ದ ಉದ್ದನೆಯ ಹೆಸರನ್ನೇ ಕೊಟ್ಟರು. ಅದು ಉಂಗುರದ ಹೊರಮೈಯನ್ನು ಪೂರ್ತಿ ಒಂದು ಸುತ್ತು ಸುತ್ತಿ, ಮೊದಲಕ್ಷರದ ಪಕ್ಕಕ್ಕೇ ಬಂದು ಮುಗಿಯುವಂತೆ ಕೆತ್ತಿಸಲು ಹೇಳಿದರು.

ಉಳಿದದ್ದು ಅಳತೆ. ಊರಿನವರ ಸೊಂಟ, ಎದೆ, ಭುಜ ಅಳೆದವರಿಗೆ ಒಂದು ಬೆರಳು ಯಾವ ಲೆಕ್ಕ? ಆದರೆ ಗುಟ್ಟು ಬಿಡುವಂತಿಲ್ಲ. ಆಕೆ ಗುಂಡಿ ಹೊಲಿಯುತ್ತಿದ್ದಾಗ ದಾರದ ತುಂಡೊಂದನ್ನು ಹಿಡಿದು ಹತ್ತಿರ ಹೋದರು.

"ಕೈ ಕೊಡು ಸ್ವಲ್ಪ."

"ಯಾಕೆ?"

"ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕ್ತಾರಲ್ಲ ಟೊಪ್ಪಿ, ಅದನ್ನ ತರಿಸೋಣ ಅಂತ."

"ಇಷ್ಟು ವರ್ಷ ಚುಚ್ಚಿಸಿಕೊಂಡು ಬೆರಳು ಕಲ್ಲಾದ ಮೇಲಾ?" ಎಂದರೂ ಆಕೆ ಕೈ ಚಾಚಿದಳು. ಮಾಸ್ಟರು ಉಂಗುರದ ಬೆರಳಿಗೆ ದಾರ ಸುತ್ತಿದರು, ಗುರುತು ಮಾಡಿದರು, ಟೇಪಿನ ಮೇಲಿಟ್ಟು ನೋಡಿದರು. ವೃತ್ತಿಯಲ್ಲಿ ಅವರು ಎಂದೂ ತಪ್ಪದ ಒಂದು ನಿಯಮವಿತ್ತು. ಮೈಗೆ ಸರಿಯಾಗಿ ಹೊಲಿದರೆ ಮನುಷ್ಯ ಉಸಿರಾಡುವಂತಿಲ್ಲ, ಊಟಮಾಡುವಂತಿಲ್ಲ; ನಾಳೆ ಮೈ ಬಂದರೂ ಬರಬಹುದು. ಅದಕ್ಕೇ ಬಂದ ಅಳತೆಗೆ ಯಾವಾಗಲೂ ಒಂದಿಷ್ಟು ಲೂಸ್ ಸೇರಿಸುವುದು. ಕೈ ತನ್ನಷ್ಟಕ್ಕೆ ತಾನೇ ಸೇರಿಸಿ ಕಂಪನಿಗೆ ಕಳಿಸಿತು.

ಆಮೇಲೆ ಶುರುವಾಯಿತು ನೋಡಿ ಮಾಸ್ಟರ ಚಡಪಡಿಕೆ.

ಉಂಗುರ ಎಲ್ಲಿದೆಯೆಂದು ಫೋನೇ ಹೇಳುತ್ತಿತ್ತು. ಅದು ಹೇಳದಿದ್ದರೆ ಎಷ್ಟೋ ಚೆನ್ನಾಗಿತ್ತು. "ತಯಾರಾಗುತ್ತಿದೆ" ಎಂದಿತು. ಮತ್ತೆ ನೋಡಿದರೂ "ತಯಾರಾಗುತ್ತಿದೆ". ಹೊರಟಿದೆ ಎಂದು ಖುಷಿಪಟ್ಟರೆ, ಎದುರು ದಿಕ್ಕಿನ ಯಾವುದೋ ಊರಿಗೆ ಹೋಗಿ ಕೂತಿತ್ತು. ಅಲ್ಲಿಂದ ಇನ್ನೊಂದೂರಿಗೆ ಹೋಯಿತು. ಮಾಸ್ಟರು ಹುಟ್ಟಿದ ಮೇಲೆ ನೋಡದ ಊರುಗಳನ್ನು ಉಂಗುರ ನೋಡಿಕೊಂಡು ಬರುತ್ತಿತ್ತು. ರಸ್ತೆಯಲ್ಲಿ ಸ್ಕೂಟರಿನ ಸದ್ದಾದರೆ ಅವರು ಕತ್ತರಿ ಕೆಳಗಿಟ್ಟು ಬಾಗಿಲಿಗೆ ಓಡುವರು. ಸ್ಕೂಟರು ಮುಂದೆ ಹೋದರೆ ಹೋದದ್ದನ್ನೇ ನೋಡುತ್ತ ನಿಲ್ಲುವರು. ಬ್ಯಾಂಕಿನ ಮ್ಯಾನೇಜರ ಕೋಟಿಗೆ ಎರಡೂ ಕಡೆ ಎಡಗೈ ತೋಳನ್ನೇ ಹಚ್ಚಿಬಿಟ್ಟರು. ಹೆಂಡತಿ ಗುಂಡಿ ಹೊಲಿಯಲು ಕೈಗೆತ್ತಿಕೊಂಡವಳು ಕೋಟನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ರೀ, ಹೊಟ್ಟೆ ಸರಿಯಿದೆಯಾ?"

"ಇದೆ."

"ಇಲ್ಲ. ಒಂದು ಕಡೆ ಕೂರ್ತಾ ಇಲ್ಲ, ಬಾಗಿಲಿಗೂ ಒಳಕ್ಕೂ ಓಡಾಡ್ತಿದೀರಿ. ನನ್ನ ಹತ್ರ ಮುಚ್ಚಿಡಬೇಡಿ."

ಮುಚ್ಚಿಡುತ್ತಿದ್ದದ್ದು ನಿಜ, ಆದ್ದರಿಂದ ಮಾಸ್ಟರು ತಲೆತಗ್ಗಿಸಿದರು. ತಗ್ಗಿಸಿದ ತಲೆಯನ್ನು ಆಕೆ ಒಪ್ಪಿಗೆಯೆಂದು ಬಗೆದಳು. ಅವತ್ತಿನಿಂದ ಅವರಿಗೆ ಉಪ್ಪು ಖಾರವಿಲ್ಲದ ಸಪ್ಪೆ ಊಟ. ತಾನು ಎದುರಿಗೇ ಕೂತು ರುಚಿಯಾಗಿ ಊಟಮಾಡುತ್ತ, "ಪಾಪ" ಎನ್ನುವಳು. ಪ್ರೀತಿಗಾಗಿ ಜನ ಏನೇನೋ ಸಹಿಸಿದ್ದಾರೆ, ಸಪ್ಪೆ ಊಟ ದೊಡ್ಡದಲ್ಲ ಎಂದುಕೊಂಡು ಮಾಸ್ಟರು ನುಂಗುತ್ತಿದ್ದರು.

ಕಾಯುವಾಗ ಬಾರದ ಉಂಗುರ ಕಾಯದಿದ್ದ ಗಳಿಗೆಯಲ್ಲಿ ಬಂತು. ಮಾಸ್ಟರು ಒಳಗೆ ಕಂಟ್ರಾಕ್ಟರ ಅಳತೆ ತೆಗೆಯುತ್ತಿದ್ದರು. ಕಂಟ್ರಾಕ್ಟರದು ಗಣನೀಯವಾದ ಹೊಟ್ಟೆ. ಕೈಗಳೆರಡನ್ನೂ ಎತ್ತಿ ನಿಂತಿದ್ದರು, ಟೇಪು ಇನ್ನೂ ಪೂರ್ತಿ ಸುತ್ತು ಬಂದಿರಲಿಲ್ಲ. ಅಷ್ಟರಲ್ಲಿ ಹೊರಗೆ, "ಮಾಸ್ಟರಿಗೆ ಪಾರ್ಸೆಲ್ಲು" ಎಂಬ ದನಿ. ಮಾಸ್ಟರು ಟೇಪು ಬಿಡುವುದನ್ನು ಮರೆತು ಓಡಿದರು, ಕಂಟ್ರಾಕ್ಟರು ಎರಡು ಹೆಜ್ಜೆ ಅವರ ಹಿಂದೆಯೇ ಬಂದರು. ಬಂದು ನೋಡಿದರೆ ಡಬ್ಬಿ ಆಗಲೇ ಹೆಂಡತಿಯ ಕೈಯಲ್ಲಿ, ಕತ್ತರಿ ಅದರ ಹೊಟ್ಟೆಯಲ್ಲಿ.

"ಬೆರಳ ಟೊಪ್ಪಿಗೆ ಇಷ್ಟು ದೊಡ್ಡ ಡಬ್ಬಿನಾ?" ಎನ್ನುತ್ತ ಆಕೆ ಮುಚ್ಚಳ ತೆಗೆದಳು.

ಉಂಗುರ ಹೊಳೆಯಿತು. ಆಕೆ ಬೆಳಕಿಗೆ ಹಿಡಿದಳು. ತಿರುಗಿಸಿದಳು. ತಿರುಗಿಸುತ್ತ ತಿರುಗಿಸುತ್ತ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. ಮಾಸ್ಟರು ಬಿಲ್ಲಿನ ಮಾತಿಗಾಗಿ ಕಾದು ನಿಂತರು.

"ಚೆನ್ನಾಗಿದೆ" ಎಂದಳು.

ಎಳೆಯಲಿಲ್ಲ. ಬಿಲ್ಲು ಕೇಳಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು. "ಈ ಹೆಸರಿಂದ ನನ್ನನ್ನ ಯಾರಾದರೂ ಕರೆದು ಎಷ್ಟು ವರ್ಷ ಆಯ್ತೋ" ಎಂದಳು. ಅಷ್ಟು ವರ್ಷದ ಶಾಲು, ಛತ್ರಿ, ಚೀಲಗಳ ಅವಮಾನವೆಲ್ಲ ಆ ಒಂದು ಗಳಿಗೆಯಲ್ಲಿ ತೊಳೆದುಹೋಯಿತು. ಜಗತ್ತಿನಲ್ಲಿ ತಮ್ಮಷ್ಟು ಸುಖಿ ಇನ್ನೊಬ್ಬನಿಲ್ಲ ಅನ್ನಿಸಿತು.

ಆಕೆ ಉಂಗುರವನ್ನು ಬೆರಳಿಗೆ ಹಾಕಿಕೊಂಡು ಕೈ ಕೆಳಗಿಳಿಸಿದಳು. ಉಂಗುರವೂ ಕೆಳಗಿಳಿದು, ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಕಂಟ್ರಾಕ್ಟರ ಕಾಲಡಿ ನಿಂತಿತು. ಎತ್ತಿ ನಡುಬೆರಳಿಗೆ ಹಾಕಿದಳು, ಅಲ್ಲಿಯೂ ನಿಲ್ಲಲಿಲ್ಲ. ಹೆಬ್ಬೆರಳಲ್ಲಿ ಒಂದಿಷ್ಟು ಹೊತ್ತು ವಿಶ್ರಮಿಸಿ ಮತ್ತೆ ಜಾರಿತು.

"ಅಳತೆ ಹೆಂಗೆ ಕೊಟ್ರಿ?"

"ಸರಿಯಾಗೇ ಕೊಟ್ಟೆ. ಸ್ವಲ್ಪ... ಲೂಸ್ ಇಟ್ಟು."

"ಉಂಗುರಕ್ಕೆ ಲೂಸಾ?"

"ಮುಂದೆ ಮೈ ಬಂದ್ರೆ ಅಂತ."

ಕಂಟ್ರಾಕ್ಟರು ಎತ್ತಿದ ಕೈ ಎತ್ತಿದಂತೆಯೇ ನಗತೊಡಗಿದರು. ಹೆಂಡತಿ ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಿನ ನೀರು ಅದೇ, ಕಾರಣ ಮಾತ್ರ ಬೇರೆಯಾಯಿತು.

"ಅಕ್ಕಸಾಲಿಗರ ಹತ್ರ ಒಯ್ದು ಸ್ವಲ್ಪ ಕತ್ತರಿಸಿ ಸೇರಿಸಿದ್ರಾಯ್ತು" ಎಂದರು ಮಾಸ್ಟರು.

"ಎಲ್ಲಿ ಕತ್ತರಿಸ್ತೀರಿ? ಸುತ್ತಲೂ ನನ್ನ ಹೆಸರಿದೆ. ತಲೆ ತೆಗೀತೀರೋ ಕಾಲು ತೆಗೀತೀರೋ?"

ಮಾಸ್ಟರು ಉಂಗುರವನ್ನು ತಿರುಗಿಸಿ ನೋಡಿದರು. ಅಕ್ಷರಗಳ ನಡುವೆ ಒಂದು ದಾರದೆಳೆ ತೂರಿಸುವಷ್ಟೂ ಜಾಗವಿರಲಿಲ್ಲ. ತಾವೇ ಹೇಳಿ ಕೆತ್ತಿಸಿದ್ದರಲ್ಲ.

"ಕಂಪನಿಯವರಿಗೆ ವಾಪಸ್ ಕಳಿಸೋಣ ಬಿಡಿ" ಎಂದಳು ಆಕೆ.

"ತಗೊಳ್ಳಲ್ಲ." ಮಾಸ್ಟರು ಉಂಗುರವನ್ನು ಆಕೆಯ ಕೈಗಿಟ್ಟರು. "ಯಾವ ಕಾರಣಕ್ಕೂ ತಗೊಳ್ಳಲ್ಲ. ನಾನೇ ಕೇಳಿ, ಹುಡುಕಿ, ಅಂಥದ್ದನ್ನೇ ತರಿಸಿದೆ."

ಆಕೆ ನಗು ನಿಲ್ಲಿಸಿದಳು. ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಎಲ್ಲ ಅರ್ಥವಾದ ಹಾಗಿತ್ತು. "ಕೈ ಕೊಡಿ ಇಲ್ಲಿ" ಎಂದಳು. ಮಾಸ್ಟರು ಕೊಟ್ಟರು. ಆಕೆ ಉಂಗುರವನ್ನು ಅವರ ಬೆರಳಿಗೆ ತೂರಿಸಿ, ಗೆಣ್ಣು ದಾಟುವವರೆಗೆ ಒತ್ತಿದಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಇದೇನು ಮಾಡಿದೆ?"

"ವಾಪಸ್ ಮಾಡಿದೆ. ನಾನು ಯಾವ ಅಂಗಡಿಲಿ ಸೋತಿದೀನಿ ಹೇಳಿ?"

ಮಾಸ್ಟರು ಅದನ್ನು ಬಿಚ್ಚಲು ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ಕನ್ನಡಕದ ಅಂಗಡಿಯವರಿಂದ ಎಳೆಸಿದರು. ಗೆಣ್ಣು ಊದಿಕೊಂಡಿತೇ ಹೊರತು ಉಂಗುರ ಅಲುಗಲಿಲ್ಲ. ಆಕೆ ಇಟ್ಟುಕೊಳ್ಳಲಿ ಎಂದು ತರಿಸಿದ್ದು, ಕೊನೆಗೆ ಅವರನ್ನೇ ಹಿಡಿದಿಟ್ಟುಕೊಂಡಿತು. ಹೊಟ್ಟೆಯ ಗುಟ್ಟೂ ಬಯಲಾದ್ದರಿಂದ ಅವತ್ತಿನ ಊಟಕ್ಕೆ ಉಪ್ಪು ಖಾರ ಬಂತು, ಅದೊಂದೇ ಸಮಾಧಾನ.

ಮರುದಿನ ಬ್ಯಾಂಕಿನ ಮ್ಯಾನೇಜರು ಬಂದರು. ತೋಳು ಸರಿಮಾಡಿದ ಕೋಟು ಹಾಕಿ ನಿಂತರು. ಮಾಸ್ಟರು ಭುಜದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದಾಗ ಉಂಗುರದ ಕೈ ಮ್ಯಾನೇಜರ ಮೂಗಿನ ಕೆಳಗೇ ಬಂತು. ಮ್ಯಾನೇಜರು ಕತ್ತು ವಾಲಿಸಿ ಓದಿದರು. ಹೆಸರು ಮುಗಿಯದೇ ಇದ್ದುದರಿಂದ ಮಾಸ್ಟರ ಕೈ ಹಿಡಿದು ತಿರುಗಿಸಿಯೂ ಓದಿದರು.

"ಇದು ಯಾರ ಹೆಸರು ಮಾಸ್ಟರೇ?"

ಮಾಸ್ಟರು ಕೈ ಬಿಡಿಸಿಕೊಂಡು, ಹಾಕಿದ ಗುರುತನ್ನೇ ಮತ್ತೆ ಹಾಕತೊಡಗಿದರು. ಕಿಟಕಿಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಾಕೆ ತಲೆಯೆತ್ತದೆ, ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು.

"ಅದಾ? ಮಾಲೀಕರದು."