ಜೆಲ್ಲಿ ಬೆಳೆಗೆ ಬೇಲಿ

ಟೆಕ್ಸಸ್ಸಿನ ನಮ್ಮ ಕೌಂಟಿಯಲ್ಲಿ ಕಾಡುಹಂದಿಗಳು ಏನನ್ನು ತಿನ್ನತಕ್ಕದ್ದು ಎಂಬುದು ಕಳೆದ ಮಾರ್ಚಿನಲ್ಲೇ ಸಮಿತಿಯಲ್ಲಿ ತೀರ್ಮಾನವಾಗಿತ್ತು. ಆ ತೀರ್ಮಾನದ ಫೈಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟಿದ್ದ ತನಿಖಾಧಿಕಾರಿ ಅರ್ಲೀನ್ ಕುಬೆನಾ ದಾರಿ ತಪ್ಪಿ, ಒಂದೇ ನೀರಿನ ಟ್ಯಾಂಕನ್ನು ಮೂರು ಸಲ ಹಾದು, ಕೊನೆಗೆ ಹಂದಿಗಳು ತೋಡಿದ ಗುಂಡಿಗೆ ಗಾಡಿಯ ಮುಂದಿನ ಚಕ್ರ ಇಳಿಸಿ, ಅಲ್ಲಿದ್ದ ಮುದುಕನನ್ನು ಕೇಳಿದರು:

"ಹೋಯ್ಟ್ ಪ್ರೂಯಿಟ್ ಅವರ ಹೊಲ ಎಲ್ಲಿ ಬರತ್ತೆ?"

"ಅರ್ಧ ಒಳಗೇ ಇದ್ದೀರಲ್ಲ ಮೇಡಂ. ನಾನೇ ಹೋಯ್ಟ್."

ಟ್ರ್ಯಾಕ್ಟರ್ ತಂದು ಗಾಡಿ ಎಳೆದು ಹಾಕಿದ. ದುಡ್ಡು ಕೊಡಹೋದರೆ ಮುಖ ತಿರುಗಿಸಿದ. "ಮುಂದಿನ ಭಾನುವಾರ ಚರ್ಚಿನ ಊಟಕ್ಕೆ ಏನಾದ್ರೂ ಸಿಹಿ ಮಾಡ್ಕೊಂಡು ಬನ್ನಿ, ಸಾಕು."

ಅವನು ಅರ್ಜಿ ಹಾಕಿದ್ದು ಕೌಂಟಿ ಕೊಡುವ ತಂತಿಬೇಲಿಗೆ. ಬಿತ್ತಿದ ಕಡಲೆಕಾಯಿ ಬೀಜವನ್ನು ಹಂದಿಗಳು ಸಾಲು ಹಿಡಿದು ಹೆಕ್ಕಿ ತಿಂದಿದ್ದವು. ಎರಡನೇ ಬಿತ್ತನೆಗೆ ಹತ್ತೇ ದಿನ ಉಳಿದಿತ್ತು.

"ನಮ್ಮ ಹಂದಿಗಳು ಕಡಲೆಕಾಯಿ ತಿನ್ನಲ್ಲ," ಎಂದು ಅರ್ಲೀನ್ ಫೈಲು ಬಿಚ್ಚಿದರು. "ಬೋನಿಗೆ ಬಿದ್ದ ನಾನೂರ ಹನ್ನೆರಡು ಹಂದಿಗಳ ಹೊಟ್ಟೆ ಕೊಯ್ದು ನೋಡಿದೀವಿ. ಬಿಯರಿನಲ್ಲಿ ಹುಳಿ ಬರಿಸಿದ ಮೆಕ್ಕೆಜೋಳ, ಮೇಲೆ ಸ್ಟ್ರಾಬೆರಿ ಜೆಲ್ಲಿ ಪುಡಿ. ಬೇರೇನೂ ಇಲ್ಲ."

"ಅಯ್ಯೋ, ಬೋನಿಗೆ ನಾವು ಇಡೋದೇ ಅದು!"

"ಹೌದು. ಹಂದಿಗಳ ಬಾಯಿರುಚಿಯನ್ನ ನೀವು ಸರಿಯಾಗಿ ಊಹಿಸಿದೀರಿ ಅಂತ ಸಮಿತಿ ಮೆಚ್ಚಿಕೊಂಡಿದೆ."

"ಹಿಂದೆ ತಿರುಗಿ ನೋಡಿ. ಏಳು ಹಂದಿ ನಿಂತು ಉಳಿದ ಬೀಜ ತಿಂತಿವೆ."

ಅರ್ಲೀನ್ ನೋಡಿದರು. ನಾಲ್ಕು ಖಂಡ ಸುತ್ತಿ ಬಂದ ಹೆಂಗಸು. ಕಣ್ಣಿಗೆ ಬಿದ್ದದ್ದನ್ನೆಲ್ಲ ನಂಬುವವರಲ್ಲ. "ಅಗಿದು ನುಂಗ್ತಿವೆ, ನಿಜ," ಎಂದು ಬರೆದುಕೊಂಡರು. "ನಿಯಮ ಒಂಬತ್ತರ ಪ್ರಕಾರ ಅದು ತಿನ್ನೋದಲ್ಲ."

ಹೋಯ್ಟನ ಮುಖ ಇಳಿಯಿತು. ಅರ್ಲೀನರಿಗೆ ಗುಂಡಿಯಿಂದೆದ್ದ ಚಕ್ರ ನೆನಪಾಯಿತು. ದನಿ ತಗ್ಗಿಸಿದರು.

"ಜೆಲ್ಲಿ ಬೆಳೆಗಾದ್ರೆ ಬೇಲಿ ಮಂಜೂರಾಗತ್ತೆ. ನೀವು ಏನು ಬೆಳೀತೀರಿ ಅಂತ ನಾನಿನ್ನೂ ಕೇಳೇ ಇಲ್ಲ."

ಹೋಯ್ಟ್ ಮನೆಯಿಂದ ಬೋನಿಗಿಡುವ ಜೆಲ್ಲಿ ಪೊಟ್ಟಣ ತಂದು ಸಾಲಿನುದ್ದ ಕೆಂಪು ಪುಡಿ ಉದುರಿಸಿದ.

"ಈ ವರ್ಷ ಸ್ಟ್ರಾಬೆರಿ, ಮೇಡಂ."

ಐದನೇ ದಿನ ಬೇಲಿ ಬಂತು, ಜೊತೆಗೆ ಪ್ರಕಟಣೆಯೂ: "ರೈತಬಾಂಧವರು ತಮ್ಮ ಜೆಲ್ಲಿ ಬೆಳೆಯನ್ನು ಈ ಶನಿವಾರದೊಳಗೆ ನೋಂದಾಯಿಸತಕ್ಕದ್ದು. ನಿಂಬೆ ಸ್ವಾದಕ್ಕೆ ಪ್ರತ್ಯೇಕ ಅರ್ಜಿ." ಇಡೀ ಕೌಂಟಿ ಸರತಿಯಲ್ಲಿ ನಿಂತಿತು.

ಭಾನುವಾರ ಅರ್ಲೀನ್ ಗಾಜಿನ ಬಟ್ಟಲು ತಂದು ಹೋಯ್ಟನ ಮುಂದಿಟ್ಟರು. ಒಳಗೆ ಕೆಂಪು ಜೆಲ್ಲಿ ತುಳುಕಾಡಿತು.

"ಊರಿನ ಬೆಳೆಯೇನಮ್ಮಾ?" ಪಾದ್ರಿಗಳು ವಿಚಾರಿಸಿದರು.

"ಹೋಯ್ಟ್ ಅವರ ಹೊಲದ್ದು, ಫಾದರ್."

ಎಲ್ಲರೂ ತಲೆಬಾಗಿ ಈ ಸಲದ ಫಸಲಿಗಾಗಿ ದೇವರಿಗೆ ವಂದಿಸಿದರು. ಹೋಯ್ಟ್ ಒಂದು ಚಮಚ ಬಾಯಿಗಿಟ್ಟ.

"ಇಷ್ಟು ರುಚಿ ಇದ್ರೆ ಹಂದಿಗಳನ್ನ ಬೈಯೋ ಹಾಗಿಲ್ಲ," ಎಂದ. "ನಿಮ್ಮ ಋಣ ತೀರಿತು, ಮೇಡಂ."