ನನ್ನ ಫ್ರೇಮನ್ನು ನಾನೇ ಕದ್ದ ಬಗ್ಗೆ ಮೇಸ್ತ್ರಿಗಳಿಗೊಂದು ಮನವಿ

ಬೈಕಿನ ಫ್ರೇಮುಗಳನ್ನು ಕೈಯಾರೆ ಕಟ್ಟುವ, ಕಟ್ಟಿದ್ದನ್ನು ಅದೇ ಕೈಯಾರೆ ಕತ್ತರಿಸುವ ಮಾನ್ಯ ಮೇಸ್ತ್ರಿಗಳ ಸನ್ನಿಧಾನಕ್ಕೆ, ಅಂಚೆ ಕಚೇರಿಯ ಮೂರನೇ ಕಿಟಕಿಯ ಗುಮಾಸ್ತನು ಸಾಧ್ಯವಾದಷ್ಟು ಬಾಗಿ ಮಾಡುವ ನಮಸ್ಕಾರಗಳು.

ವಿಷಯ: ನನ್ನ ಫ್ರೇಮನ್ನು ನಾನೇ ಕದ್ದಿರುವುದರ ತಪ್ಪೊಪ್ಪಿಗೆ, ಮತ್ತು ಆಮೇಲೆ ಆದದ್ದಕ್ಕೆಲ್ಲ ತಾವೇ ಕಾರಣರೆಂಬ ದೂರು.
ಉಲ್ಲೇಖ: ಹಲ್ಲಿನ ಡಾಕ್ಟರ ಕೈಯಲ್ಲಿ ತಾವು ಕಳುಹಿಸಿದ ಚೀಟಿ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಬ್ಬಿಣ ಕತ್ತರಿಸುವ ತಮ್ಮ ಗ್ರೈಂಡರ್ ಯಂತ್ರದ ಯೋಗಕ್ಷೇಮವನ್ನು ನಾನು ಕೇಳುವುದಿಲ್ಲ. ಮೂರು ವರ್ಷಗಳಲ್ಲಿ ನನ್ನ ಫ್ರೇಮನ್ನು ನಾಲ್ಕು ಸಲ ತುಂಡರಿಸಿಯೂ ಅದಕ್ಕೊಂದು ನೆಗಡಿ ಕೂಡ ಬಂದಿಲ್ಲವೆಂದ ಮೇಲೆ ಅದರ ಆರೋಗ್ಯ ನಮ್ಮೆಲ್ಲರಿಗಿಂತ ಚೆನ್ನಾಗಿದೆ.

ಇದು ಬಹಿರಂಗ ಪತ್ರವಾದ್ದರಿಂದ ಊರಿನವರಿಗೂ ಒಂದಿಷ್ಟು ಹಿನ್ನೆಲೆ ಹೇಳಬೇಕು. ನನ್ನ ಎತ್ತರ ಆರಡಿ ಐದಂಗುಲ, ಅಡ್ಡಹೆಸರು ಏಣಿ. ಅಂಗಡಿಯಲ್ಲಿ ಮಾರುವ ಯಾವ ಬೈಕಿನ ಮೇಲೆ ಕೂತರೂ ನನ್ನ ಮೊಣಕಾಲು ಹ್ಯಾಂಡಲ್ಲಿಗೆ ಬಡಿದು, ತಿರುವಿನಲ್ಲಿ ಬೈಕು ಒಂದು ಕಡೆ, ನಾನು ಇನ್ನೊಂದು ಕಡೆ ಹೋಗುತ್ತೇವೆ. ಮದುವೆಯಾದ ಹೊಸದರಲ್ಲಿ ಮನೆಯವಳಿಗೆ, ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಸಮುದ್ರ ತೋರಿಸುತ್ತೇನೆಂದು ಮಾತು ಕೊಟ್ಟೆ. ಮೂವತ್ತು ವರ್ಷವಾಯಿತು. ಅವಳು ಇವತ್ತಿಗೂ ಸಮುದ್ರ ನೋಡಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೆ ಮಾತು ಮಾತೇ ಎನ್ನುತ್ತಾಳೆ. ಈ ನಡುವೆ ಮೂಳೆ ಡಾಕ್ಟರು ನನ್ನ ಬಲ ಮೊಣಕಾಲನ್ನು ನೋಡಿ, ಇದು ಇನ್ನು ನಾಲ್ಕು ವರ್ಷ ಮಡಚೀತು, ಆಮೇಲೆ ಹಟ ಹಿಡಿಯುತ್ತದೆ ಎಂದರು. ಅಲ್ಲಿಂದ ನಾನು ನೇರವಾಗಿ ಓಡಿ ಬಂದದ್ದು ತಮ್ಮ ಬಳಿಗೆ. ಆ ನಾಲ್ಕರಲ್ಲಿ ಮೂರನ್ನು ತಾವು ಸ್ವೀಕರಿಸಿದ್ದೀರಿ.

ತಮ್ಮ ಶ್ರದ್ಧೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಮೊದಲ ದಿನವೇ ನನ್ನ ಮೈಯ ಮೂವತ್ತೊಂದು ಅಳತೆ ತೆಗೆದಿರಿ, ಮೊಣಕೈಯಿಂದ ಕಿರುಬೆರಳಿನವರೆಗೆ ಎರಡು ಸಲ. ಎಂಟು ತಿಂಗಳಲ್ಲಿ ಮೊದಲ ಫ್ರೇಮು ಸಿದ್ಧವಾದಾಗ ಅದನ್ನು ಹಗ್ಗ ಕಟ್ಟಿ ಚಾವಣಿಯಿಂದ ಇಳಿಬಿಟ್ಟಿರಿ, ಬೆರಳ ಗೆಣ್ಣಿನಿಂದ ತಟ್ಟಿದಿರಿ, ಕಿವಿಗೊಟ್ಟಿರಿ, ಚಹಾ ಕುಡಿಯಲು ಎದುರಿನ ಅಂಗಡಿಗೆ ಹೋದಿರಿ, ಬಂದು ಗ್ರೈಂಡರಿನ ಪ್ಲಗ್ಗು ಚುಚ್ಚಿದಿರಿ. ಏನು ತಪ್ಪಾಗಿದೆಯೆಂದು ನಾನು ಅಂಗಲಾಚಿದ್ದಕ್ಕೆ "ಇದು ಆಗಲ್ಲ ಸಾರ್" ಎಂದಿರಿ. ಎರಡನೆಯದಕ್ಕೂ ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅದೇ ತೀರ್ಪು, ಅದೇ ಮೂರು ಶಬ್ದ. ನನ್ನ ಕಣ್ಣಿಗೆ ನಾಲ್ಕೂ ಮುತ್ತಿನಂತೆ ಕಂಡಿದ್ದವು. ಅಂಚೆ ಕಚೇರಿಯವನಿಗೆ ಇದು ಅರ್ಥವಾಗುವುದು ಕಷ್ಟ, ಮಾನ್ಯರೇ. ನಮ್ಮಲ್ಲಿ ಮೊಹರು ಓರೆ ಬಿದ್ದರೂ ಕಾಗದ ಊರು ಸೇರುತ್ತದೆ.

ತಮ್ಮ ವರ್ಕ್‌ಶಾಪಿನ ಬೆಂಚಿನ ಉಪಕಾರವನ್ನೂ ಮರೆಯಲಾರೆ. ಅಲ್ಲಿ ನನಗಿಂತ ಹಿಂದಿನಿಂದ ಕಾಯುತ್ತಿರುವ ಹಲ್ಲಿನ ಡಾಕ್ಟರೂ ನಿವೃತ್ತ ಬಸ್ ಡ್ರೈವರೂ ಕಾದು ಕಾದು ಸ್ನೇಹ ಬೆಳೆದು, ಅವರ ಮಗಳನ್ನು ಇವರ ಮಗನಿಗೆ ಕೊಟ್ಟು ಬೀಗರಾದರು. ಮೊಮ್ಮಗು ಹುಟ್ಟಿತು, ಅಂಬೆಗಾಲಿಟ್ಟಿತು, ಈಗ ಓಡಾಡುತ್ತಿದೆ. ಅಜ್ಜಂದಿರ ಫ್ರೇಮುಗಳು ಮಾತ್ರ ಇನ್ನೂ ಹುಟ್ಟಿಲ್ಲ. ಹೀಗಿದ್ದರೂ ತಮ್ಮ ಬಗ್ಗೆ ಒಂದು ಕೆಟ್ಟ ಮಾತನ್ನು ಯಾರಾದರೂ ಆಡಿದರೆ ಬೀಗರಿಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ.

ಹೋದ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ನನ್ನ ಐದನೇ ಫ್ರೇಮು ಚಾವಣಿಯಿಂದ ಇಳಿಬಿತ್ತು. ತಾವು ತಟ್ಟಿದಿರಿ. ಕಿವಿಗೊಟ್ಟಿರಿ. ಚಹಾಕ್ಕೆ ಹೊರಟಿರಿ. ಮುಂದೇನೆಂದು ಬೆಂಚಿಗೆಲ್ಲ ಗೊತ್ತು. ನನ್ನೊಳಗೆ ಎಲ್ಲಿತ್ತೋ ಆ ಧೈರ್ಯ, ಎದ್ದು ನಿಂತು ಹಗ್ಗ ಬಿಚ್ಚಿದೆ. ಏಣಿ ಬೇಕಾಗಲಿಲ್ಲ, ನಾನೇ ಇದ್ದೆನಲ್ಲ. ಡ್ರೈವರು ಬಾಗಿಲು ಕಾದರು, ಡಾಕ್ಟರು ಮುಖ ತಿರುಗಿಸಿಕೊಂಡು "ನಾನೇನೂ ನೋಡಿಲ್ಲ" ಎಂದು ಗಟ್ಟಿಯಾಗಿ ಸಾರಿದರು. ಫ್ರೇಮನ್ನು ಕೊರಳಿಗೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿದೆ. ಇದೇನೆಂದು ಕಂಡಕ್ಟರು ಕೇಳಿದಾಗ ನನ್ನ ಬಾಯಿಂದ ಬಂದದ್ದು "ಮೂರು ವರ್ಷ ಆಯ್ತು" ಎಂಬ ಉತ್ತರ ಮಾತ್ರ. ಆತ ನನ್ನ ಮುಖವನ್ನೊಮ್ಮೆ ನೋಡಿ ಅರ್ಧ ಟಿಕೆಟ್ ಹರಿದು ಕೊಟ್ಟ.

ಮನೆಯಲ್ಲಿ ಮಂಚದ ಕೆಳಗೆ ಎಂಜಿನ್ನೂ, ಬೀರುವಿನಲ್ಲಿ ಸೀರೆಗಳ ಪಕ್ಕ ಪೆಟ್ರೋಲ್ ಟ್ಯಾಂಕೂ, ಬಚ್ಚಲಲ್ಲಿ ಟವೆಲ್ ಒಣಹಾಕುವ ಹ್ಯಾಂಡಲ್ಲೂ ಮೂರು ವರ್ಷದಿಂದ ಕಾದಿದ್ದವು. ಪಕ್ಕದ ಬೀದಿಯ ಮೆಕ್ಯಾನಿಕ್ಕು ಎಲ್ಲವನ್ನೂ ನಾಲ್ಕು ದಿನದಲ್ಲಿ ಜೋಡಿಸಿದ. ಭಾನುವಾರ ಬೆಳಿಗ್ಗೆ ಮನೆಯವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಮಾನ್ಯರೇ, ನನ್ನ ಮೊಣಕಾಲು ಎಲ್ಲಿಗೂ ಬಡಿಯಲಿಲ್ಲ! ಐವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ, ಒಂದು ವಸ್ತು ನನ್ನ ಅಳತೆಗೆ ಹುಟ್ಟಿತ್ತು. ಹನ್ನೊಂದು ಕಿಲೋಮೀಟರ್ ನಾನು ಸುಮ್ಮಸುಮ್ಮನೆ ನಗುತ್ತಿದ್ದೆ. ಬಾಯಿಗೆ ಹುಳು ಹೋಗುತ್ತದೆಂದು ಅವಳು ಬೆನ್ನಿಗೆ ಗುದ್ದಿದರೂ ನಗು ನಿಲ್ಲಲಿಲ್ಲ. ಬರುವ ವಾರ ಸಮುದ್ರ ಎಂದೆ. ಅವಳು ಅವತ್ತೇ ಬಟ್ಟೆ ಮಡಚಿದಳು.

ಸೋಮವಾರ ಬಂತು ತಮ್ಮ ಚೀಟಿ. ತಾವು ಪೊಲೀಸರ ಹತ್ತಿರ ಹೋಗಬಹುದಿತ್ತು, ಮನೆ ಮುಂದೆ ನಿಂತು ಬೈಯಬಹುದಿತ್ತು, ಅದೆಲ್ಲ ಬಿಟ್ಟು ಇಷ್ಟೇ ಬರೆದಿರಿ: "ಸಾರ್, ಗಾಡಿ ಗಟ್ಟಿ ಇದೆ, ಧೈರ್ಯವಾಗಿ ಓಡಿಸಿ. ಎಡಗಡೆ ಮಾತ್ರ ನೋಡಬೇಡಿ."

ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದರೆ ಯಾರು ತಾನೇ ನೆನೆಯದೆ ಇದ್ದಾರು? ಚೀಟಿ ಮಡಚುವ ಮೊದಲೇ ನಾನು ಎಡಗಡೆ ಕುಕ್ಕರಗಾಲಲ್ಲಿ ಕೂತಿದ್ದೆ. ಅರ್ಧ ಗಂಟೆ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಸೀಟಿನ ಕೆಳಗೆ ಎರಡು ಪೈಪು ಕೂಡುವಲ್ಲಿ, ಬಲಗಡೆಯ ಬೆಸುಗೆ ಒಂದೇ ಸಮ ಸಾಗಿದೆ. ಎಡಗಡೆಯದು ಒಂದು ಕಡೆ, ಒಂದು ಕೂದಲೆಳೆಯಷ್ಟು, ಹೊರಗೆ ಸರಿದಿದೆ. ಆ ಕ್ಷಣದಿಂದ ನನಗೆ ಬೇರೇನೂ ಕಾಣುತ್ತಿಲ್ಲ. ನಮ್ಮ ಮನೆಯ ಬಾಗಿಲು ಓರೆ. ಗೋಡೆಯ ಕನ್ನಡಿ ಓರೆ. ಕಚೇರಿಯಲ್ಲಿ ಮೊಹರು ಓರೆ ಬಿತ್ತೆಂದು ಮತ್ತೆ ಒತ್ತಿ, ಅದೂ ಓರೆಯೆಂದು ಮೂರನೇ ಸಲ ಒತ್ತಿ, ನನ್ನ ಕಿಟಕಿಯ ಸಾಲು ಬೀದಿಗೆ ಇಳಿದು ಪೋಸ್ಟ್ ಮಾಸ್ತರರು ನನಗೆ ನೋಟಿಸ್ ಕೊಟ್ಟಿದ್ದಾರೆ. ಆ ನೋಟಿಸಿನ ಅಂಚೂ ಓರೆ ಎಂದು ತೋರಿಸಿದ್ದಕ್ಕೆ ಇನ್ನೊಂದು ಕೊಟ್ಟರು. ಸಮುದ್ರದ ಪ್ರಯಾಣ ಎರಡು ವಾರ ಮುಂದಕ್ಕೆ ಹೋಯಿತು. ಫ್ರೇಮನ್ನು ತಮ್ಮ ಗ್ರೈಂಡರಿಗೇ ಮರಳಿ ಒಪ್ಪಿಸಿಬಿಡಲೇ ಎಂದೂ ಯೋಚಿಸಿದೆ. ಹೌದು, ನಾನೇ, ಆ ಕಳ್ಳನೇ!

ಆದ್ದರಿಂದ ತಮ್ಮಲ್ಲಿ ವಿನಂತಿ ಏನೆಂದರೆ, ದಯವಿಟ್ಟು ನನ್ನ ಹಳೆಯ ಕಣ್ಣುಗಳನ್ನು ವಾಪಸು ಕೊಡಿಸಬೇಕು. ಅದು ಆಗದಿದ್ದರೆ, ಬೈಕನ್ನು ನಿಲ್ಲಿಸದೆ, ಬಿಚ್ಚದೆ, ನಾನು ಓಡಿಸುತ್ತಿರುವಾಗಲೇ ತಾವು ಪಕ್ಕದಲ್ಲಿ ಓಡಿ ಬರುತ್ತಾ ಆ ಕೂದಲೆಳೆಯನ್ನು ಸರಿಪಡಿಸಬೇಕು. ಅದೂ ಆಗದಿದ್ದರೆ ಬಲಗಡೆಯನ್ನಾದರೂ ಅಷ್ಟೇ ಕೆಡಿಸಿಕೊಡಬೇಕು. ತಮ್ಮಂಥವರಿಗೆ ಕೆಟ್ಟ ಕೆಲಸ ಕಷ್ಟವೆಂದು ಬಲ್ಲೆ. ಬೇಕಿದ್ದರೆ ನಮ್ಮ ಅಂಚೆ ಕಚೇರಿಯಲ್ಲಿ ತರಬೇತಿ ಕೊಡಿಸುತ್ತೇನೆ.

ಇಷ್ಟು ಬರೆದು, ಎದುರಿಗೆ ಕೂತಿದ್ದ ಮನೆಯವಳ ಕನ್ನಡಕ ವಾಲಿದೆಯೆಂದು ಕೈ ಚಾಚಿ ಸರಿಮಾಡಲು ಹೋದೆ. ಮೂರು ಸಲ ಸರಿಮಾಡಿದರೂ ವಾಲಿತು. ಅವಳು ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಹೇಳಿದಳು:

"ಕನ್ನಡಕ ಅಲ್ಲಾರೀ, ಓರೆ ಇರೋದು ನನ್ನ ಮೂಗು. ಮೂವತ್ತು ವರ್ಷ ನೀವು ನೋಡಿಲ್ಲ ಅಂತ ಎಷ್ಟು ಖುಷಿಯಾಗಿದ್ದೆ ಗೊತ್ತಾ?"

ಮಾನ್ಯರೇ, ನನಗೆ ನಾಚಿಕೆಯಾಯಿತು. ಅವಳ ಮೂಗು ನಿಜಕ್ಕೂ ಎಡಕ್ಕೆ, ಒಂದು ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ವಾಲಿದೆ. ಅದನ್ನು ಬಿಟ್ಟು ಬೇರೆ ಮೂಗು ನನಗೆ ಬೇಡ. ಹಾಗಾಗಿ ಮೇಲಿನ ಎಲ್ಲ ವಿನಂತಿಗಳನ್ನೂ ಹಿಂದಕ್ಕೆ ಪಡೆಯುತ್ತಿದ್ದೇನೆ. ಮೊಣಕಾಲು ಇನ್ನೂ ಮಡಚುತ್ತಿದೆ, ಟ್ಯಾಂಕು ತುಂಬಿದೆ, ಅವಳು ಹೊಸ್ತಿಲಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದಾಳೆ. ಕದ್ದ ಮಾಲಿನ ಮೇಲೆ, ಎಡಗಡೆ ಎಷ್ಟು ಬೇಕೋ ಅಷ್ಟು ನೋಡುತ್ತಾ, ನಾವು ಸಮುದ್ರಕ್ಕೆ ಹೊರಟಿದ್ದೇವೆ.

ಮೂವತ್ತೊಂದು ಅಳತೆಗೂ ಮೀರಿದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಏಣಿ

ಮರೆತಿದ್ದೆ: ತಮ್ಮ ವರ್ಕ್‌ಶಾಪಿನ ನಾಮಫಲಕ ಬಲಕ್ಕೆ ಅರ್ಧ ಬೆರಳು ವಾಲಿತ್ತು. ನಿನ್ನೆ ತಾವು ಚಹಾಕ್ಕೆ ಹೋಗಿದ್ದಾಗ ಬಿಚ್ಚಿ ತಂದಿದ್ದೇನೆ. ಪೂರ್ತಿ ಸರಿಯಾಗದೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಒಂದೆರಡು ಸಲ ಕತ್ತರಿಸಬೇಕಾಗಿ ಬರಬಹುದು. ಆಗಾಗ ಬಂದು ವಿಚಾರಿಸುತ್ತಿರಿ.