ಏಳನೇ ತೆಪ್ಪದ ಎರಡು ಡಜನ್

ಫ್ರಿಜ್ಜಿನ ಬಾಗಿಲು ತೆಗೆದ ಪೆಟ್ಟಿಗೆರಾಯ ಹಾಗೇ ಕಂಬದಂತೆ ನಿಂತುಬಿಟ್ಟ. ಕೆಳಗಿನ ಖಾನೆಯಲ್ಲಿ ಬಿಳಿ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಮೇಲೆ ಇಲಾಖೆಯ ಚೀಟಿಯೂ ಇತ್ತು. ಹೊಸ ಮಂಜುಗಡ್ಡೆ ತುಂಬೋಣವೆಂದು ಮುಚ್ಚಳ ತೆಗೆದರೆ ಒಳಗೆ ತಣ್ಣನೆಯ ನೀರು ಬಿಟ್ಟು ಬೇರೇನೂ ಇರಲಿಲ್ಲ.

"ಲೇ ಇವಳೇ, ಇದರೊಳಗಿದ್ದ ಚಿಪ್ಪುಮೀನು ಎಲ್ಲೇ?"

ಒಲೆಯ ಮುಂದಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ನಿನ್ನೆ ಊಟಕ್ಕೆ ತಿಂದ್ರಲ್ಲ. ಇನ್ನೂ ಇದೆಯಾ ಅಂತ ಬೇರೆ ಎರಡು ಸಲ ಕೇಳಿದ್ರಿ."

ಪೆಟ್ಟಿಗೆರಾಯನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

ಅವನ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಹನ್ನೊಂದು ವರ್ಷದಿಂದ ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಕಚೇರಿಯವರಿಗೂ ಬೀದಿಯವರಿಗೂ ಅವನು ಪೆಟ್ಟಿಗೆರಾಯ. ಹೊಳೆ ಸಮುದ್ರ ಸೇರುವ ಊರಿನ ಅಳಿವೆಯಲ್ಲಿ ಮರದ ತೆಪ್ಪಗಳನ್ನು ತೇಲಿಬಿಟ್ಟು, ಅವುಗಳಿಂದ ನೀರಿಗೆ ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಸುತ್ತಾರೆ. ಚಿಪ್ಪುಮೀನು ಎಂಬ ಪ್ರಾಣಿಗೆ ನೀರನ್ನು ಸೋಸಿ ಕುಡಿಯುವುದೊಂದೇ ಉದ್ಯೋಗ. ನೀರಿನಲ್ಲಿ ಸೀಸವಿದ್ದರೆ ಸೀಸ, ಪಾದರಸವಿದ್ದರೆ ಪಾದರಸ, ಎಲ್ಲವನ್ನೂ ತನ್ನ ಮಾಂಸದಲ್ಲಿ ಜೋಪಾನವಾಗಿ ಕೂಡಿಡುತ್ತದೆ. ಆದ್ದರಿಂದ ಪ್ರತಿ ತೆಪ್ಪದಿಂದ ಎರಡು ಡಜನ್ ಕಿತ್ತು ತಂದು ಪ್ರಯೋಗಾಲಯಕ್ಕೆ ಒಪ್ಪಿಸುವುದು ಪೆಟ್ಟಿಗೆರಾಯನ ಕೆಲಸ. ಪ್ರಯೋಗಾಲಯದ ಫ್ರಿಜ್ಜು ಕೆಟ್ಟು ವರ್ಷವಾಗುತ್ತ ಬಂದಿತ್ತು. ಭಾನುವಾರ ತಂದ ಮಾದರಿಯನ್ನು ಅವನು ತನ್ನ ಮನೆಯಲ್ಲಿಟ್ಟು ಸೋಮವಾರ ಒಯ್ಯುತ್ತಿದ್ದ. ಅದು ನಿಯಮಕ್ಕೆ ವಿರುದ್ಧ. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

ಇವತ್ತು ಮಾತ್ರ ಕೇಳುವವರಿದ್ದರು. ಏಳನೇ ತೆಪ್ಪದ ಮಾದರಿಯಲ್ಲಿ ಈಗಾಗಲೇ ಎರಡು ಸಲ ಸೀಸ ಮಿತಿ ಮೀರಿತ್ತು. ನಾಲ್ಕು ತಿಂಗಳಿಂದ ತೆಪ್ಪಕ್ಕೆ ಬೀಗ ಬಿದ್ದಿತ್ತು. ಮೂರನೆಯ ಮಾದರಿ ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ತಲುಪಬೇಕು. ತಲುಪದಿದ್ದರೂ ಸರಿ, ತಲುಪಿ ಸೋತರೂ ಸರಿ, ಊರೆಲ್ಲ ತೆಪ್ಪದ ಅಕ್ಕ ಎಂದು ಕರೆಯುವ ಅದರ ಒಡತಿಯ ಪರವಾನಗಿ ರದ್ದು. ಮಾದರಿ ತಿಂದು ತೇಗಿದವನ ಕೆಲಸ ಉಳಿಯುತ್ತದೆಯೇ ಎಂಬುದನ್ನು ಅವನು ಯೋಚಿಸಲೇ ಇಲ್ಲ.

"ಅತ್ತೇ!" ಎಂದು ಕೂಗಿದ.

ಅತ್ತೆ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಮಗಳ ಮನೆಗೆ ಹದಿನೈದು ದಿನಕ್ಕೆಂದು ಬಂದು ಮೂರು ವರ್ಷವಾಗಿತ್ತು. "ಕೂಗ್ಬೇಡಿ ಅಳಿಯಂದ್ರೆ. ಬೇಯಿಸಿದ್ದು ನಾನೇ. ಅಷ್ಟು ಒಳ್ಳೇ ಮಾಲು ನೀರಲ್ಲಿ ಬಿದ್ಕೊಂಡು ಹಾಳಾಗ್ಬೇಕಿತ್ತಾ?"

"ಅದು ಪರೀಕ್ಷೆಗೆ ತಂದದ್ದು ಅತ್ತೆ! ಅದರಲ್ಲಿ ಸೀಸ ಇದೆ! ಯಾರ್ಯಾರು ತಿಂದ್ರಿ?"

"ನಾವು ಮೂವರು. ಪಕ್ಕದ ಮನೆ ಮೇಷ್ಟ್ರಿಗೆ ಒಂದು ಬಟ್ಟಲು ಕೊಟ್ಟೆ. ಬಟ್ಟಲನ್ನ ತೊಳೆದು ವಾಪಸ್ ಕೊಟ್ರು ನೋಡಿ, ಸಂಸ್ಕಾರ ಅಂದ್ರೆ ಅದು."

ಪಕ್ಕದ ಮನೆಯ ನಿವೃತ್ತ ಮೇಷ್ಟ್ರ ಕಿವಿ ಬಹಳ ಚುರುಕು, ಗೋಡೆ ಬಹಳ ತೆಳ್ಳಗೆ. ಎರಡೇ ನಿಮಿಷದಲ್ಲಿ ಅವರು ಬನಿಯನ್ನಿನಲ್ಲೇ ಬಾಗಿಲಿಗೆ ಬಂದರು. ಕೈಯಲ್ಲಿ ಕುದುರೆಲಾಳದಾಕಾರದ ಆಯಸ್ಕಾಂತವಿತ್ತು.

"ಏನಪ್ಪಾ, ನನ್ನ ಹೊಟ್ಟೇಲಿ ಲೋಹ ಇದೆಯಂತೆ?"

"ಒಂದು ಊಟಕ್ಕೆ ಏನೂ ಆಗಲ್ಲ ಮೇಷ್ಟ್ರೇ. ವರ್ಷಗಟ್ಟಲೆ ತಿಂದ್ರೆ ಮಾತ್ರ..."

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಬನಿಯನ್ ಎತ್ತಿ ಆಯಸ್ಕಾಂತವನ್ನು ಹೊಕ್ಕುಳ ಸುತ್ತ ಆಡಿಸಿದರು. "ಇಲ್ಲಿ ಎಳೀತಾ ಇದೆ."

"ಸೀಸ ಆಯಸ್ಕಾಂತಕ್ಕೆ ಅಂಟಲ್ಲ ಮೇಷ್ಟ್ರೇ!"

"ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿದವನು ನಾನೋ ನೀನೋ?" ಎಂದು ಅವರು ಗದರಿದರು. ಆಮೇಲೆ ಸ್ವರ ತಗ್ಗಿಸಿ, "ಅದಿರಲಿ, ಬೆಳಿಗ್ಗೆ ಎದ್ದಾಗಿನಿಂದ ಮಂಡಿನೋವು ಇಲ್ಲ. ಇನ್ನೂ ನಾಲ್ಕು ಸಿಗುತ್ತಾ?" ಎಂದು ಕೇಳಿದರು.

ಪೆಟ್ಟಿಗೆರಾಯ ಪೆಟ್ಟಿಗೆ ಎತ್ತಿಕೊಂಡು ಸೈಕಲ್ ಹತ್ತಿದ. ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಮತ್ತೆ ಮಾದರಿ ತೆಗೆಯಲು ತೆಪ್ಪದ ಒಡತಿಯ ಸಹಿ ಬೇಕು. ಸಹಿ ಕೇಳಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಆ ಅಕ್ಕ ತನ್ನನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸುವುದು ಖಂಡಿತ. ಸಹಿಯಿದ್ದ ನಿನ್ನೆಯ ಚೀಟಿ ಹೇಗೂ ಪೆಟ್ಟಿಗೆಯ ಮೇಲಿದೆ. ಸದ್ದಿಲ್ಲದೆ ಹೋಗಿ ಎರಡು ಡಜನ್ ಕಿತ್ತುಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತದೆ?

ದಡದಲ್ಲಿ ಯಾರೂ ಇರಲಿಲ್ಲ. ಕಟ್ಟಿದ್ದ ಸಣ್ಣ ದೋಣಿ ಬಿಚ್ಚಿ, ಅಡ್ಡಾದಿಡ್ಡಿ ಹುಟ್ಟು ಹಾಕಿ ಏಳನೇ ತೆಪ್ಪ ಮುಟ್ಟಿದ. ಬಗ್ಗಿ ಒಂದು ಹಗ್ಗ ಎಳೆದ. ನಾಲ್ಕು ತಿಂಗಳಿಂದ ಯಾರೂ ಕೀಳದ ಚಿಪ್ಪುಮೀನುಗಳು ಗೊಂಚಲು ಗೊಂಚಲಾಗಿ ಬೆಳೆದು ಹಗ್ಗ ಮಣ ಭಾರವಾಗಿತ್ತು. ಅವನು ಹಗ್ಗವನ್ನು ಮೇಲಕ್ಕೆಳೆದ, ಹಗ್ಗ ಅವನನ್ನು ಕೆಳಕ್ಕೆಳೆಯಿತು. ಹಗ್ಗವೇ ಗೆದ್ದಿತು.

ನೀರಿನಿಂದ ತಲೆ ಎತ್ತಿದಾಗ ಯಾರೋ ಅವನ ಕೊರಳಪಟ್ಟಿ ಹಿಡಿದಿದ್ದರು.

"ಕಳ್ಳ ಬಡ್ಡೀಮಗನೇ, ಬೀಗ ಹಾಕಿದ ತೆಪ್ಪಕ್ಕೂ ಕನ್ನ ಹಾಕ್ತೀಯಾ?" ತನ್ನ ದೋಣಿಯಲ್ಲಿ ಬಂದಿದ್ದ ತೆಪ್ಪದ ಅಕ್ಕ ಇನ್ನೊಂದು ಕೈಯಲ್ಲಿ ಹುಟ್ಟು ಎತ್ತಿದ್ದಳು. ಮುಖ ಕಂಡೊಡನೆ ಹುಟ್ಟು ಅರ್ಧದಲ್ಲೇ ನಿಂತಿತು. "ಅಯ್ಯೋ, ನೀನಾ ತಮ್ಮ? ನಿನ್ನೆ ತಾನೇ ತಗೊಂಡು ಹೋದ್ಯಲ್ಲ?"

ಬಾಯಿಗೆ ಉಪ್ಪುನೀರು ಹೋದವನಿಗೆ ಸುಳ್ಳು ಹೊಳೆಯುವುದಿಲ್ಲ. "ನಮ್ಮತ್ತೆ ಬೇಯಿಸಿಬಿಟ್ರು ಅಕ್ಕ," ಎಂದುಬಿಟ್ಟ.

ಹುಟ್ಟು ಬೀಳುವುದನ್ನು ಕಾದು ಪೆಟ್ಟಿಗೆರಾಯ ಕಣ್ಣು ಮುಚ್ಚಿದ.

"ತಿಂದವರು ಏನಂದ್ರು?"

"ಹಾಂ?"

"ರುಚಿ ಹೇಗಿತ್ತು ಅಂತ ಕೇಳ್ದೆ ಕಣೋ."

"ಬಹಳ... ಬಹಳ ಚೆನ್ನಾಗಿತ್ತು ಅಕ್ಕ."

ಅಕ್ಕನ ಕಣ್ಣಲ್ಲಿ ನೀರು ಬಂತು. "ನಾಲ್ಕು ತಿಂಗಳಾಯ್ತು, ಒಬ್ಬರೂ ಈ ಮಾತು ಹೇಳಿಲ್ಲ. ಊರೆಲ್ಲ ನನ್ನ ಮಾಲನ್ನ ವಿಷ ಅಂತಾರೆ. ಬೀದೀಲಿ ನಡೆದ್ರೆ ಮಕ್ಕಳನ್ನ ಒಳಗೆ ಕರ್ಕೋತಾರೆ. ಇಪ್ಪತ್ತು ವರ್ಷದಿಂದ ಈ ನೀರಲ್ಲೇ ಇದ್ದೀನಿ ತಮ್ಮ, ನೀರು ಕೆಟ್ರೆ ನನಗೆ ಗೊತ್ತಾಗಲ್ವಾ?" ಎಂದು ಅವನನ್ನು ತೆಪ್ಪದ ಮೇಲೆ ಹತ್ತಿಸಿ, ತಾನೇ ಹಗ್ಗ ಎಳೆದು, ಇಪ್ಪತ್ತನಾಲ್ಕು ಎಣಿಸಿ ಪೆಟ್ಟಿಗೆಗೆ ಹಾಕಿದಳು. ಹೊಸ ಚೀಟಿಗೆ ಸಹಿಯನ್ನೂ ಹಾಕಿಕೊಟ್ಟಳು. ಅವಳಿಗೆ ಮುಖ ತೋರಿಸಲಾರದೆ ಪೆಟ್ಟಿಗೆರಾಯ ತನ್ನ ಒದ್ದೆ ಚಪ್ಪಲಿಯನ್ನೇ ನೋಡುತ್ತ ದೋಣಿಗೆ ಇಳಿದ. ಆ ಎರಡು ಕೆಟ್ಟ ವರದಿಗಳ ಮಾದರಿ ಹೊತ್ತು ತಂದವನೂ ಅವನೇ ಆಗಿದ್ದ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಪ್ರಯೋಗಾಲಯ ಸೇರಿದ. ಅವನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಜೇಬಿನಲ್ಲೊಂದು ಸಣ್ಣ ಏಡಿ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ.

"ಏನ್ರೀ ಇದು ಅವತಾರ?" ಎಂದರು ಪ್ರಯೋಗಾಲಯದ ಸಾಹೇಬರು.

"ಮಾದರಿ ತಾಜಾ ಇರಲಿ ಅಂತ ಸಾರ್," ಎನ್ನುತ್ತ ಸಹಿ ಹಾಕಲು ಪೆನ್ನಿಗಾಗಿ ಜೇಬಿಗೆ ಕೈ ಹಾಕಿದ. ಆಗ ಅವನು ಹಾಕಿದ ಕೂಗಿಗೆ ಪಕ್ಕದ ಕೋಣೆಯ ಗುಮಾಸ್ತ ಬೆಂಕಿ ಬಿದ್ದಿತೆಂದು ಹೊರಗೋಡಿದ.

ಲೋಹ ಅಳೆಯುವ ಯಂತ್ರ ಸಂಜೆಯವರೆಗೆ ಗುಂಯ್‌ಗುಟ್ಟಿತು. ಊದಿಕೊಂಡ ಬೆರಳನ್ನು ಬಾಯಲ್ಲಿಟ್ಟುಕೊಂಡು ಪೆಟ್ಟಿಗೆರಾಯ ಅದರ ಮುಂದೆಯೇ ಕೂತಿದ್ದ. ಕೊನೆಗೆ ಕಾಗದ ಹೊರಬಂತು. ಸಾಹೇಬರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಸೀಸ ಮಿತಿಯೊಳಗೆ. ಪಾದರಸ ಇಲ್ಲವೆನ್ನುವಷ್ಟು ಕಡಿಮೆ. ಅಳಿವೆಯಲ್ಲೇ ಇದಕ್ಕಿಂತ ಶುದ್ಧವಾದ ಮಾಲು ಇಲ್ಲ.

"ನಾಲ್ಕೇ ತಿಂಗಳಲ್ಲಿ ನೀರು ಇಷ್ಟು ಶುದ್ಧವಾಯ್ತು ಅಂದ್ರೆ ಅದು ನಮ್ಮ ಇಲಾಖೆಯ ಕಟ್ಟುನಿಟ್ಟು ಕಣ್ರೀ!" ಎಂದು ಸಾಹೇಬರು ಹಿಗ್ಗಿ ತೆಪ್ಪದ ಬೀಗ ತೆಗೆಯುವ ಆದೇಶಕ್ಕೆ ಸಹಿ ಒತ್ತಿದರು.

ಪೆಟ್ಟಿಗೆರಾಯ ಮನೆಗೆ ನಡೆದು ಬರಲಿಲ್ಲ, ಹಾರಿ ಬಂದ. ಅಕ್ಕನ ಪರವಾನಗಿ ಉಳಿಯಿತು, ತನ್ನ ಕೆಲಸ ಉಳಿಯಿತು, ಮೇಷ್ಟ್ರ ಹೊಟ್ಟೆಯೂ ಉಳಿಯಿತು. "ಅತ್ತೆ, ನಾವು ತಿಂದದ್ದರಲ್ಲಿ ಸೀಸವೂ ಇಲ್ಲ, ಏನೂ ಇಲ್ಲ! ಚೊಕ್ಕ ಚಿನ್ನ!" ಎಂದು ಬಾಗಿಲಿನಿಂದಲೇ ಸಾರಿದ.

"ಅದೇನು ಹೊಸ ಸುದ್ದೀನಾ?" ಎಂದರು ಅತ್ತೆ. "ಹೋದ ಎರಡು ಸಲಾನೂ ಅದನ್ನೇ ತಾನೇ ತಿಂದಿದ್ದು."

ಪೆಟ್ಟಿಗೆರಾಯ ಚಪ್ಪಲಿ ಬಿಡುತ್ತಿದ್ದವನು ಒಂಟಿ ಕಾಲಲ್ಲೇ ನಿಂತ. "ಹೋದ ಎರಡು ಸಲ ನಾನು ಪ್ರಯೋಗಾಲಯಕ್ಕೆ ಒಯ್ದಿದ್ದು?"

"ಅದು ಮಾರ್ಕೆಟ್ಟಿನ ಮೂಲೆ ಅಂಗಡೀದು. ಚೀಟಿ ಒದ್ದೆ ಆಗದ ಹಾಗೆ ಬಿಡಿಸಿಟ್ಟು, ಎಣಿಸಿ ಎರಡು ಡಜನ್ ತುಂಬಿ, ಮತ್ತೆ ಅಂಟಿಸ್ತಿದ್ದೆ. ನಿಮಗೆ ಒಂದು ಕಮ್ಮಿ ಬರೋ ಹಾಗೆ ಯಾವತ್ತೂ ಮಾಡಿಲ್ಲ. ನಿನ್ನೆ ಅಂಗಡಿಯವನು ಮಗಳಿಗೆ ಗಂಡು ನೋಡೋಕೆ ಹೋಗಿದ್ನಂತೆ, ಅಂಗಡಿ ಬಂದ್. ಬೆಳಿಗ್ಗೆ ತುಂಬೋಣ ಅಂದ್ಕೊಂಡ್ರೆ ನೀವು ಅಂಗಡಿ ತೆಗೆಯೋ ಮುಂಚೇನೇ ರಂಪ ಮಾಡಿದ್ರಿ."

"ಆ ಮೂಲೆ ಅಂಗಡಿಯವನು ಎಲ್ಲಿಂದ ತರ್ತಾನೆ?"

"ಹಳೇ ಹಡಗು ಒಡೀತಾರಲ್ಲ, ಆ ದಕ್ಕೆ ಕಟ್ಟೆಯ ಕೆಳಗಿನಿಂದ ಕೆರೆದು ತರ್ತಾನೆ. ನೀರೆಲ್ಲ ಬಣ್ಣದ ಚಕ್ಕೆ, ತುಕ್ಕು. ಅದಕ್ಕೇ ಅಗ್ಗ."

"ಗೊತ್ತಿದ್ದೂ ತಂದ್ರಾ ಅತ್ತೆ?"

ಅತ್ತೆಗೆ ನಿಜವಾಗಿಯೂ ಬೇಸರವಾಯಿತು. "ತಿನ್ನೋಕೆ ತಂದ್ನಾ? ಅಂಥದ್ದನ್ನ ನಿಮಗೆ ಬಡಿಸೋಷ್ಟು ಕಟುಕಳಾ ನಾನು? ನಿಮ್ಮ ಮಿಷಿನ್ನಿಗೆ ತಾನೇ ತಂದಿದ್ದು!"

ಹಡಗಿನ ಹಳೆಯ ಬಣ್ಣದಲ್ಲಿ ಸೀಸವಿರುತ್ತದೆಂದು ಪೆಟ್ಟಿಗೆರಾಯನಿಗೆ ಗೊತ್ತಿತ್ತು. ತೆಪ್ಪದ ಅಕ್ಕನ ನಾಲ್ಕು ತಿಂಗಳು ಅವನ ಕಣ್ಣ ಮುಂದೆ ಬಂತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ವಿಷ ಊರಿನ ಮಾರ್ಕೆಟ್ಟಿನಲ್ಲಿ, ಬೀಗ ಅವಳ ತೆಪ್ಪಕ್ಕೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಊರು ಆ ಸೀಸವನ್ನು ತಿನ್ನುತ್ತಲೇ ಇರುತ್ತದೆ. ಇದನ್ನು ಎರಡು ದಿನ ಯೋಚಿಸಿ ತೀರ್ಮಾನಿಸಬಹುದಿತ್ತು. ಆದರೆ ಅದೇ ರಾತ್ರಿ ಊಟದ ಹೊತ್ತಿಗೆ ಸಾಹೇಬರೇ ಬಾಗಿಲಿಗೆ ಬಂದರು, ಕೈಯಲ್ಲಿ ಬಿಸಿ ಬಿಸಿ ಡಬ್ಬಿ.

"ನಮ್ಮ ಕಚೇರಿ ಮುಚ್ಚಿಸಿದ ತೆಪ್ಪ ಮತ್ತೆ ತೆರೆದದ್ದು ಇದೇ ಮೊದಲು ಕಣ್ರೀ! ಖುಷಿಗೆ ಮನೇಲಿ ಮಾಡಿಸ್ಕೊಂಡು ಬಂದೆ. ಮಾರ್ಕೆಟ್ಟಿನ ಮೂಲೆ ಅಂಗಡಿ ಚಿಪ್ಪುಮೀನು. ನಾನು ವಾರಕ್ಕೆ ಎರಡು ಸಲ ತಿನ್ನೋದೇ ಇದನ್ನ. ತಗೊಳ್ಳಿ, ನನ್ನ ಎದುರಿಗೇ ತಿನ್ನಬೇಕು!" ಎಂದು ತಾವೇ ಮೊದಲ ತುತ್ತು ಎತ್ತಿದರು.

"ತಿನ್ನಬೇಡಿ ಸಾರ್!" ಎಂದು ಪೆಟ್ಟಿಗೆರಾಯ ಅವರ ಕೈ ಹಿಡಿದುಕೊಂಡ. ಆಮೇಲೆ ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿದ.

ಸಾಹೇಬರ ಮುಖ ಬಿಳಿಚಿತು. ತುತ್ತನ್ನು ನಿಧಾನವಾಗಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. "ವಾರಕ್ಕೆ ಎರಡು ಸಲ," ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಅವನ ಕಡೆ ನೋಡಲಿಲ್ಲ, ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಮಾರ್ಕೆಟ್ಟಿನ ಉಳಿದ ಅಂಗಡಿಗಳಿಗೆ ಎಲ್ಲಿಂದ ಬರುತ್ತೆ ಅಂತಾನೂ ಗೊತ್ತಾ ನಿಮಗೆ?"

"ಗೊತ್ತಿಲ್ಲದೆ ಏನು? ಚಿಪ್ಪಿನ ಬಣ್ಣ ನೋಡಿದ್ರೆ ಸಾಕು, ಯಾವ ಮಡುವಿಂದು ಅಂತ ಹೇಳ್ತೀನಿ."

ಮರುದಿನ ಬೆಳಿಗ್ಗೆ ಆದೇಶ ಬಂತು. ಏಳನೇ ತೆಪ್ಪದ ಹಳೆಯ ಎರಡು ವರದಿಗಳು ರದ್ದು. ಮಾರ್ಕೆಟ್ಟಿನ ಅಷ್ಟೂ ಅಂಗಡಿಗಳ ತಪಾಸಣೆ ತಕ್ಷಣ ಶುರು. ಅದಕ್ಕೆ ವಿಶೇಷ ಮೇಲ್ವಿಚಾರಕಿಯಾಗಿ ಅತ್ತೆಯವರ ನೇಮಕ. ಮಾದರಿ ಸಂಗ್ರಹಕಾರನನ್ನು ಕೆಲಸದಿಂದ ತೆಗೆದಿರಲಿಲ್ಲ. ಇನ್ನು ಮುಂದೆ ಅವನು ಮೇಲ್ವಿಚಾರಕಿಯವರ ಅಪ್ಪಣೆಯಂತೆ ನಡೆಯತಕ್ಕದ್ದು ಎಂದಷ್ಟೇ ಬರೆದಿತ್ತು.

ಎಂಟು ಗಂಟೆಗೆ ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತು. ಅತ್ತೆ ಕೊರಳಿಗೆ ಇಲಾಖೆಯ ಗುರುತಿನ ಚೀಟಿ ಹಾಕಿಕೊಂಡು ಮುಂದೆ ಮುಂದೆ, ಅಳಿಯ ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ.

"ಬೇಗ ಹೆಜ್ಜೆ ಹಾಕಿ ಅಳಿಯಂದ್ರೆ," ಎಂದರು ಅತ್ತೆ, ತಿರುಗಿ ನೋಡದೆ. "ಇದೇನು ಮನೆ ಕೆಲಸ ಅಲ್ಲ, ಸರ್ಕಾರಿ ಕೆಲಸ. ಇಲ್ಲಿ ನಾನು ಸುಮ್ಮನೆ ಬಿಡಲ್ಲ."